ಬಣ್ಣಕ್ಕಷ್ಟೇ ಒಪ್ಪಿಸಿದ ಮಳೆ ಲೆಕ್ಕ
ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನಲ್ಲಿದೆ. ಘಟ್ಟದಂಚಿನ ಈ ಊರಿನಷ್ಟು ಮಳೆ ಬೆಳಗಾವಿ ನಗರಕ್ಕೆ ಬೀಳದು. ಈ ಅಂತರವನ್ನು ನಕಾಶೆಗಳು ಬಣ್ಣದಲ್ಲಿ ತೋರಿಸುತ್ತವೆ. ಹವಾಮಾನ ಇಲಾಖೆಯ ಎಚ್ಚರಿಕೆಗೂ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳೇ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿಗೆ ಅಪಾಯವೂ ನಿರಾಳವೂ ಒಂದೇ ಆಗಿ ಕಂಡೀತು. ದೃಷ್ಟಿಯಿಲ್ಲದವರ ಫೋನಂತೂ ವಿವರಣೆ ಬರೆದಿರದ ನಕಾಶೆಯನ್ನು ಬರೀ ‘ಚಿತ್ರ’ ಎಂದು ಓದಿ ಮುಂದೆ ಹೋಗುತ್ತದೆ. 2019ರ ಆಗಸ್ಟಿನ ನೆರೆ ಕಂಡ ಬೆಳಗಾವಿ ಜಿಲ್ಲೆಗೆ ಇದು ಸಣ್ಣ ಕೊರತೆಯಲ್ಲ.

ಬಣ್ಣ ಬಿಟ್ಟರೆ ನಕಾಶೆ ಸೊರಗುತ್ತದೆ ಎನ್ನುವವರಿದ್ದಾರೆ. ಬಿಡಬೇಕಿಲ್ಲ, ಬಣ್ಣದ ಮೇಲೆ ಗೆರೆ, ಚುಕ್ಕೆ, ಅಂಕಿ ಸೇರಲಿ. ಕೆಳಗೆ ತಾಲ್ಲೂಕುವಾರು ಪಟ್ಟಿಯೂ ‘ಖಾನಾಪುರದಲ್ಲಿ 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಬಹುದು’ ಎಂಬಂಥ ನೇರ ವಾಕ್ಯವೂ ಇರಲಿ. ಖರ್ಚಿನ ನೆಪವೂ ನಿಲ್ಲದು: ನಕಾಶೆ ತಯಾರಾಗುವುದೇ ಆ ಅಂಕಿಗಳಿಂದ. ಮಾಹಿತಿ ಎಲ್ಲರಿಗೂ ಎಟಕಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳಿದೆ.