ಮೋರೇರ ಮನೆಗಳೂ ಓಗನ ಮಂಚವೂ

ಪವಿತ್ರ ಗ್ರಂಥವೊಂದನ್ನು ಶ್ರದ್ಧೆಯಿಂದ ಓದಿದವರಿಗೆ ಅದರಲ್ಲಿ ಬರುವ ಹೊಳೆ, ಬೆಟ್ಟ, ಊರುಗಳನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟುವುದು ಸಹಜ. ರಾಮಾಯಣವನ್ನು ಕೇಳಿ ಬೆಳೆದ ನಮ್ಮ ಹಿರಿಯರು ತುಂಗಭದ್ರೆಯ ಉತ್ತರದ ದಂಡೆಯಲ್ಲಿ, ಆನೆಗೊಂದಿಯ ಬಂಡೆಗಳ ನಡುವೆ ಕಿಷ್ಕಿಂಧೆಯನ್ನು ಕಂಡರು. ಪಂಪಾಸರೋವರವನ್ನೂ ಶಬರಿಯ ಗುಹೆಯನ್ನೂ ಅಂಜನಾದ್ರಿಯನ್ನೂ ಗುರುತಿಸಿ ಕೈಮುಗಿದರು. ಬೈಬಲನ್ನು ಓದಿ ಬೆಳೆದ ಪಾಶ್ಚಾತ್ಯರಲ್ಲಿಯೂ ಇದೇ ಹಂಬಲವಿತ್ತು. ಆದರೆ ಅವರು ನಮಸ್ಕರಿಸಿ ಹಿಂದಿರುಗಲಿಲ್ಲ. ಅಳತೆಯ ಪಟ್ಟಿಯನ್ನೂ ಗುದ್ದಲಿಯನ್ನೂ ಹಿಡಿದು ಅಲ್ಲಿಯೇ ನಿಂತರು.

೧೮೩೮ರಲ್ಲಿ ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕದ ಪಂಡಿತನು ಅರಬ್ಬಿ ಭಾಷೆಯನ್ನು ಬಲ್ಲ ಎಲಿ ಸ್ಮಿತ್ ಎಂಬುವನೊಡನೆ ಪ್ಯಾಲೆಸ್ಟೈನಿನ ಹಳ್ಳಿಹಳ್ಳಿಗಳನ್ನು ಸುತ್ತಿದನು. ಅವನ ಉಪಾಯ ಸರಳವಾದುದು. ಯಾತ್ರಿಕರಿಗೆ ತೋರಿಸುವ ಕ್ಷೇತ್ರಗಳನ್ನು ಬದಿಗಿರಿಸಿ, ಹಳ್ಳಿಗರು ತಮ್ಮ ಊರನ್ನು ಏನೆಂದು ಕರೆಯುತ್ತಾರೆಂಬುದಕ್ಕೆ ಅವನು ಕಿವಿಗೊಟ್ಟನು. ಪ್ರವಾದಿ ಯೆರೆಮೀಯನ ಊರಾದ ಅನಾತೋತ್ ರೈತರ ನಾಲಗೆಯ ಮೇಲೆ ‘ಅನಾತ’ವಾಗಿ ಉಳಿದಿತ್ತು, ಮಿಕ್ಮಾಷ್ ‘ಮುಖ್ಮಾಸ್’ ಆಗಿತ್ತು. ಕವಿರಾಜಮಾರ್ಗವು ಹೆಸರಿಸುವ ‘ಕೊಪಣ’ವೇ ನಮ್ಮ ಕೊಪ್ಪಳವೆಂದು ತಿಳಿದ ಕನ್ನಡ ವಿದ್ಯಾರ್ಥಿಗೆ ಈ ವಿಧಾನ ಅಪರಿಚಿತವೇನಲ್ಲ. ೧೮೬೫ರಲ್ಲಿ ಲಂಡನ್ನಿನಲ್ಲಿ ಪ್ಯಾಲೆಸ್ಟೈನ್ ಅನ್ವೇಷಣ ನಿಧಿ ಸ್ಥಾಪಿತವಾಯಿತು. ಅಂದಿನಿಂದ ಇಂದಿನವರೆಗೆ ಆ ಪುಟ್ಟ ನಾಡಿನಷ್ಟು ಅಗೆತವನ್ನು ಕಂಡ ನೆಲ ಜಗತ್ತಿನಲ್ಲಿ ವಿರಳ.

ಆ ನಾಡಿನ ಹೆಸರುಗಳು ಕನ್ನಡದ ಕಿವಿಗೆ ಬಿದ್ದುದೂ ನಮ್ಮ ಸೀಮೆಗೆ ಸಮೀಪದಲ್ಲಿಯೇ. ಹೊಳೆಯಾಚೆಯ ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ೧೮೩೧ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಗ್ರಂಥಕ್ಕೂ ನೆಲಕ್ಕೂ ಇರುವ ಸಂಬಂಧವೇನು, ಒಂದು ಇನ್ನೊಂದಕ್ಕೆ ಹೇಗೆ ಸಾಕ್ಷಿಯಾಗುತ್ತದೆ ಎಂಬ ಪ್ರಶ್ನೆಗೆ ಬೈಬಲ್ಲಿನ ನಾಡು ಒಂದೂವರೆ ಶತಮಾನ ಉತ್ತರ ಹುಡುಕಿದೆ. ಆ ಹುಡುಕಾಟದ ಫಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ನಮಗೆ ಇಂದು ಬೇಕಾಗಿದೆ ಎಂಬುದು ನನ್ನ ನಂಬಿಕೆ.

ಮೊದಲು ಕಲ್ಲುಗಳಿಂದಲೇ ಆರಂಭಿಸೋಣ. ಗಂಗಾವತಿಯ ಪಶ್ಚಿಮಕ್ಕೆ ಸುಮಾರು ೧೦ ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಇದೆ. ಊರ ಬಳಿಯ ಗುಡ್ಡವನ್ನು ಏರಿದರೆ ಬಂಡೆಯ ಬಯಲಿನಲ್ಲಿ ಒಂದು ಕಲ್ಲೂರೇ ಎದುರಾಗುತ್ತದೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಕೋಣೆಗಳು. ಕೆಲವು ಆಳೆತ್ತರವನ್ನು ಮೀರಿದವು. ಕೆಲವಕ್ಕೆ ಮುಂಭಾಗದಲ್ಲಿ ದುಂಡನೆಯ ಕಿಂಡಿ. ಸುಮಾರು ನಾನೂರು ಶಿಲಾಸಮಾಧಿಗಳು ಅಲ್ಲಿವೆ. ಬಡಿದರೆ ದನಿಗೈಯುವ ನಗಾರಿಯಾಕಾರದ ಹೆಬ್ಬಂಡೆಯೂ, ಬಂಡೆಯಾಸರೆಗಳಲ್ಲಿ ಬರೆದ ಚಿತ್ರಗಳೂ ಇವೆ. ಪುರಾತತ್ತ್ವಜ್ಞರು ಇವನ್ನು ಕ್ರಿ. ಪೂ. ೮೦೦ರಿಂದ ೨೦೦ರ ನಡುವಿನವೆಂದು ಹೇಳುತ್ತಾರೆ. ೨೦೨೧ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ಊರವರಿಗೆ ಇದು ಮೋರೇರ ಗುಡ್ಡ. ಕೋಣೆಗಳು ಮೋರೇರ ಮನೆಗಳು. ಮೋರೇರು ಯಾರು? ಮನುಷ್ಯರಿಗಿಂತ ಮೊದಲು ಈ ನೆಲದಲ್ಲಿದ್ದ ಗಿಡ್ಡ ಜನ, ಮೈ ಗಿಡ್ಡವಾದರೂ ಕಸುವು ಅಪಾರ ಎಂಬುದು ಜನಪದರ ಉತ್ತರ. ಆ ಪುಟ್ಟ ಕಿಂಡಿಯಲ್ಲಿ ನುಸುಳಬಲ್ಲವರು ಗಿಡ್ಡರೇ ಆಗಿರಬೇಕಷ್ಟೆ! ಮತ್ತೆ ಕೆಲವು ವಿದ್ವಾಂಸರು ‘ಮೋರ್ಯ’ ಶಬ್ದದಲ್ಲಿ ಮೌರ್ಯರನ್ನು ಕಂಡಿದ್ದಾರೆ. ಮೌರ್ಯ ಶಬ್ದ ಪ್ರಾಕೃತದಲ್ಲಿ ‘ಮೋರಿಯ’ ಆಗುವುದು ನಿಜ. ಧ್ವನಿನಿಯಮ ಈ ಊಹೆಗೆ ಅಡ್ಡಬರುವುದಿಲ್ಲ. ಆದರೆ ಶಬ್ದಸಾಮ್ಯವೊಂದರಿಂದಲೇ ಚರಿತ್ರೆಯನ್ನು ಕಟ್ಟಲಾಗದು. ಇಂಥದೇ ಕಲ್ಲುಗೋರಿಗಳನ್ನು ಕೊಡಗಿನವರು ಪಾಂಡವರಿಗೆ ಒಪ್ಪಿಸಿ ‘ಪಾಂಡು ಪಾರೆ’ ಎಂದರು. ಕಟ್ಟಿದವರ ನೆನಪು ಅಳಿದುಹೋದ ಮೇಲೆ ಕಲ್ಲಿಗೆ ಒಡೆಯರನ್ನು ಕಥೆ ಹುಡುಕಿಕೊಡುತ್ತದೆ.

ಇನ್ನು ಬೈಬಲ್ಲಿನ ನಾಡಿಗೆ ಬರೋಣ. ಯೊರ್ದನ್ ನದಿಯ ಪೂರ್ವದಲ್ಲಿಯೂ, ಗಲಿಲಾಯ ಸರೋವರದಾಚೆಯ ಗೋಲಾನ್ ಪ್ರಸ್ಥಭೂಮಿಯಲ್ಲಿಯೂ ಇಂಥ ಕಲ್ಲುಕೋಣೆಗಳು ಸಾವಿರಗಟ್ಟಲೆ ಇವೆ. ಬೈಬಲ್ಲಿನ ಬಾಷಾನ್ ರಾಜ್ಯ ಇದೇ ಭಾಗದಲ್ಲಿತ್ತು. ಅದರ ಅರಸ ಓಗನು ರೆಫಾಯರೆಂಬ ದೈತ್ಯಕುಲದಲ್ಲಿ ಕೊನೆಗೆ ಉಳಿದವನೆಂದೂ, ಅವನ ಕಬ್ಬಿಣದ ಮಂಚ ಅಮ್ಮೋನಿಯರ ರಬ್ಬಾ ಪಟ್ಟಣದಲ್ಲಿದ್ದಿತೆಂದೂ ಧರ್ಮೋಪದೇಶಕಾಂಡ ತಿಳಿಸುತ್ತದೆ. ರಬ್ಬಾ ಎಂದರೆ ಇಂದಿನ ಅಮ್ಮಾನ್ ನಗರ. ಮಂಚದ ಅಳತೆ ಒಂಬತ್ತು ಮೊಳ ಉದ್ದ, ನಾಲ್ಕು ಮೊಳ ಅಗಲ. ಮೊಣಕೈಯಿಂದ ಬೆರಳ ತುದಿಯವರೆಗಿನ ಆ ಮೊಳವೇ ನಮ್ಮ ಹೂವಾಡಗಿತ್ತಿಯ ಮೊಳ ಎಂಬುದನ್ನು ನೆನೆದರೆ ಮಂಚದ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಕಬ್ಬಿಣದಂತೆ ಕಪ್ಪಾದ ಗಟ್ಟಿ ಶಿಲೆಯ ಗೋರಿಯೊಂದನ್ನು ಕಂಡೇ ಮಂಚದ ಈ ಕಥೆ ಹುಟ್ಟಿರಬಹುದೆಂದು ಕೆಲವು ವಿದ್ವಾಂಸರ ಊಹೆ. ಅದು ಅಕ್ಷರಶಃ ಕಬ್ಬಿಣದ ಮಂಚವೇ ಎಂದು ವಾದಿಸುವವರೂ ಇದ್ದಾರೆ.

ಹೋಲಿಕೆಯನ್ನು ಗಮನಿಸಬೇಕು. ಕಿಂಡಿಯ ಕಿರಿದನ್ನು ಕಂಡ ಇಲ್ಲಿಯವರು ಗಿಡ್ಡರನ್ನು ಕಲ್ಪಿಸಿಕೊಂಡರು. ಚಪ್ಪಡಿಯ ಹಿರಿದನ್ನು ಕಂಡ ಅಲ್ಲಿಯವರು ದೈತ್ಯರನ್ನು ಕಲ್ಪಿಸಿಕೊಂಡರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಈ ಬಗೆಯ ಹೋಲಿಕೆಗೆ ಮರುಳಾಗಿ ಎಲ್ಲ ಕಲ್ಲುಗೋರಿಗಳನ್ನೂ ಒಂದೇ ಜನಾಂಗಕ್ಕೆ ಕಟ್ಟಲು ಹೊರಟರು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಈ ಸೀಮೆಯ ಗೋರಿಗಳನ್ನು ಅಕ್ಕರೆಯಿಂದ ಅಳೆದು ಬರೆದವನಾದರೂ, ಅವುಗಳಲ್ಲಿ ಯೂರೋಪಿನ ಕೆಲ್ಟರನ್ನೂ ಸಿಥಿಯನ್ನರನ್ನೂ ಕಂಡನು. ಇಂದು ನಮಗೆ ತಿಳಿದಿರುವಂತೆ ಯೊರ್ದನಿನ ಗೋರಿಗಳು ಕ್ರಿ. ಪೂ. ನಾಲ್ಕು ಮತ್ತು ಮೂರನೆಯ ಸಹಸ್ರಮಾನದವು. ನಮ್ಮವು ಮೊದಲನೆಯ ಸಹಸ್ರಮಾನದವು. ನಡುವೆ ಸಾವಿರಾರು ವರ್ಷಗಳ ಅಂತರ. ಸತ್ತವರಿಗೆ ಬದುಕಿದವರ ಮನೆಗಿಂತ ಗಟ್ಟಿಯಾದ ಮನೆ ಬೇಕೆಂಬ ಭಾವವೊಂದೇ ಅವುಗಳ ನಡುವಿನ ನಂಟು.

ಕಾಲವನ್ನು ಹೀಗೆ ನಿರ್ಣಯಿಸುವ ವಿದ್ಯೆ ಸುಲಭವಾಗಿ ಕೈಗೂಡಲಿಲ್ಲ. ಅದಕ್ಕೆ ಯೆರಿಕೋ ಪಟ್ಟಣದ ಕಥೆಯೇ ನಿದರ್ಶನ. ಯೆಹೋಶುವನ ಜನರು ಕೊಂಬುಗಳನ್ನು ಊದಿ ಆರ್ಭಟಿಸಿದಾಗ ಯೆರಿಕೋವಿನ ಗೋಡೆ ಕುಸಿದುಬಿದ್ದಿತೆಂದು ಗ್ರಂಥ ಹೇಳುತ್ತದೆ. ೧೯೩೦ರಿಂದ ೧೯೩೬ರವರೆಗೆ ಅಲ್ಲಿ ಅಗೆದ ಜಾನ್ ಗಾರ್ಸ್ಟಾಂಗ್ ಕುಸಿದ ಗೋಡೆಯನ್ನು ಕಂಡು, ಅದು ಯೆಹೋಶುವನ ಕಾಲದ್ದೇ ಎಂದನು. ಭಕ್ತರಿಗೆ ಸಂತೋಷವಾಯಿತು. ೧೯೫೨ರಿಂದ ೧೯೫೮ರವರೆಗೆ ಅದೇ ದಿಬ್ಬವನ್ನು ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿ ಮತ್ತೆ ಅಗೆದಳು. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಆ ಗೋಡೆ ಗಾರ್ಸ್ಟಾಂಗ್ ಎಣಿಸಿದುದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ತಿಳಿಯಿತು. ಹುಡುಕಿದ ಗೋಡೆ ಕೈತಪ್ಪಿತು. ಆದರೆ ಅದರ ಕೆಳಗೆ, ಹತ್ತು ಸಾವಿರ ವರ್ಷಗಳ ಹಿಂದಿನ ಕಲ್ಲಿನ ಬುರುಜೂ, ಗಾರೆಯಿಂದ ಮುಖವನ್ನು ತಿದ್ದಿ ಜೋಪಾನ ಮಾಡಿದ ಪೂರ್ವಜರ ತಲೆಬುರುಡೆಗಳೂ ದೊರೆತವು. ಯಾವ ಗ್ರಂಥವೂ ಅರಿಯದ ಜನಜೀವನವೊಂದು ಬೆಳಕಿಗೆ ಬಂದಿತು.

ಕೆನ್ಯನ್ ಈ ವಿಧಾನವನ್ನು ಕಲಿತದ್ದು ೧೯೩೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ, ಮಾರ್ಟಿಮರ್ ವೀಲರನ ಕೈಕೆಳಗೆ. ಆ ವೀಲರನೇ ೧೯೪೭ರಲ್ಲಿ, ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಮ್ಮ ಶಿಲಾಸಮಾಧಿಗಳನ್ನು ಪದರಪದರವಾಗಿ ಅಗೆಸಿದನು. ಯೆರಿಕೋವಿನ ಗೋಡೆಗೆ ಕಾಲ ಹೇಳಿದ ವಿದ್ಯೆಯೂ ಕರ್ನಾಟಕದ ಕಲ್ಲುಗೋರಿಗೆ ಕಾಲ ಹೇಳಿದ ವಿದ್ಯೆಯೂ ಒಂದೇ ಗರಡಿಯವು. ಆ ಗೋರಿಗಳ ಸಂಸ್ಕೃತಿ ಕ್ರಿ. ಪೂ. ೨೦೦ರ ಸುಮಾರಿಗೆ ಆರಂಭವಾಯಿತೆಂದು ವೀಲರನು ತೀರ್ಮಾನಿಸಿದ್ದನು. ಅದೂ ನಿಲ್ಲಲಿಲ್ಲ. ೧೯೬೫ರಲ್ಲಿ ಹಾವೇರಿ ಸೀಮೆಯ ಹಳ್ಳೂರಿನಲ್ಲಿ ನಡೆದ ಅಗೆತವೂ ಇಂಗಾಲದ ಕಾಲಮಾಪನವೂ ಇಲ್ಲಿಯ ಕಬ್ಬಿಣದ ಯುಗವನ್ನು ಕ್ರಿ. ಪೂ. ೧೦೦೦ದ ಸಮೀಪಕ್ಕೆ ಒಯ್ದವು. ಗುದ್ದಲಿ ತನ್ನ ಮಾತನ್ನೂ ತಿದ್ದಿಕೊಳ್ಳುತ್ತದೆ. ಅದೇ ಅದರ ಹಿರಿಮೆ.

ಹಾಗೆಂದ ಮಾತ್ರಕ್ಕೆ ನೆಲವು ಗ್ರಂಥದ ವೈರಿಯೆಂದು ಭಾವಿಸಬೇಕಾಗಿಲ್ಲ. ೧೯೯೩ರಲ್ಲಿ ತೆಲ್ ದಾನ್ ಎಂಬಲ್ಲಿ ದೊರೆತ ಶಾಸನದ ತುಂಡಿನಲ್ಲಿ ದಾವೀದನ ಮನೆತನದ ಹೆಸರಿದೆ. ಅದು ಅರಾಮಿಕ್ ಭಾಷೆಯ ಶಾಸನ. ಬೈಬಲ್ಲಿನ ಎಜ್ರ, ದಾನಿಯೇಲ ಗ್ರಂಥಗಳ ಕೆಲವು ಭಾಗಗಳೂ ಇದೇ ಭಾಷೆಯಲ್ಲಿವೆ. ಯೇಸುವಿನ ಮನೆಮಾತೂ ಇದೇ. ಈ ಅರಾಮಿಕ್ಕಿನ ಎಳೆಯೊಂದನ್ನು ಹಿಡಿದು ಹೊರಟರೆ ನಾವು ಕೊಪ್ಪಳದ ಹತ್ತಿರಕ್ಕೇ ಬಂದು ಮುಟ್ಟುತ್ತೇವೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ, ಪಾಲ್ಕಿಗುಂಡಿನಲ್ಲಿಯೂ ೧೯೩೧ರಲ್ಲಿ ಅಶೋಕನ ಶಾಸನಗಳು ಪತ್ತೆಯಾದವು. ದೊಡ್ಡವರಂತೆ ಚಿಕ್ಕವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂಬುದು ಅವುಗಳ ತಾತ್ಪರ್ಯ. ಅಶೋಕನು ತನ್ನ ರಾಜ್ಯದ ವಾಯವ್ಯ ಗಡಿಯಲ್ಲಿ ಧರ್ಮವನ್ನು ಅರಾಮಿಕ್ ಭಾಷೆಯಲ್ಲಿಯೇ ಸಾರಿಸಿದನು. ೧೯೫೮ರಲ್ಲಿ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಎರಡರಲ್ಲಿಯೂ ಇರುವ ಅವನ ಶಾಸನ ದೊರೆಯಿತು. ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿ ಅರಾಮಿಕ್ ಲಿಪಿಯಿಂದ ಹುಟ್ಟಿದ್ದು. ಅಶೋಕನ ಹದಿಮೂರನೆಯ ಬಂಡೆಶಾಸನ ‘ತುರಮಾಯ’ನೆಂಬ ಅರಸನನ್ನು ಹೆಸರಿಸುತ್ತದೆ. ಅವನು ಈಜಿಪ್ಟಿನ ಎರಡನೆಯ ಟಾಲೆಮಿ; ಯೆಹೂದ್ಯರ ಧರ್ಮಶಾಸ್ತ್ರ ಅಲೆಕ್ಸಾಂಡ್ರಿಯದಲ್ಲಿ ಗ್ರೀಕಿಗೆ ಭಾಷಾಂತರವಾದುದು ಅವನ ಕಾಲದಲ್ಲಿಯೇ ಎಂಬುದು ಸಂಪ್ರದಾಯದ ಮಾತು. ಹಿರೇಬೆಣಕಲ್ಲಿಗೆ ವಿದ್ವಾಂಸರು ಹೇಳುವ ಕಾಲವನ್ನು ಒಪ್ಪಿದರೆ, ಗವಿಮಠದ ಬಂಡೆಯ ಮೇಲೆ ಅಕ್ಷರ ಮೂಡುತ್ತಿದ್ದಾಗ ಮೋರೇರ ಗುಡ್ಡಕ್ಕೆ ಚಪ್ಪಡಿ ಹೊರುವ ಪದ್ಧತಿ ಇನ್ನೂ ಬದುಕಿದ್ದಿರಬಹುದು.

“ಸರ್, ಹನುಮಪ್ಪ ಇಲ್ಲೇ ಹುಟ್ಟಿದ್ದು ಖರೇ ಏನ್ರಿ?” ಎಂದು ತರಗತಿಯಲ್ಲಿ ನನ್ನನ್ನು ಕೇಳುವ ವಿದ್ಯಾರ್ಥಿಗಳಿದ್ದಾರೆ. ತಿರುಮಲದ ಅಂಜನಾದ್ರಿಯೇ ಹನುಮನ ಜನ್ಮಸ್ಥಳವೆಂದು ತಿರುಪತಿಯ ದೇವಸ್ಥಾನದವರು ೨೦೨೧ರಲ್ಲಿ ಸಾರಿದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಅವರಿಗೆ ನಾನು ಯೆರಿಕೋವಿನ ಕಥೆ ಹೇಳುತ್ತೇನೆ. ಅಂಜನಾದ್ರಿಯ ಮೆಟ್ಟಿಲು ಹತ್ತುವ ಮುದುಕಿಯ ಭಕ್ತಿಗೆ ಗುದ್ದಲಿಯ ಪ್ರಮಾಣಪತ್ರ ಬೇಕಾಗಿಲ್ಲ; ಅದನ್ನು ಕೊಡುವುದೂ ಕಸಿಯುವುದೂ ಗುದ್ದಲಿಯಿಂದಾಗದ ಕೆಲಸ. ಆದರೆ ನೆಲವನ್ನು ಗ್ರಂಥದ ಪರವಾಗಿ ಸಾಕ್ಷಿ ನುಡಿಯಲೆಂದು ಮಾತ್ರ ಕಟಕಟೆಗೆ ಎಳೆತಂದರೆ, ಅದು ತಾನಾಗಿ ಹೇಳಲಿದ್ದ ಮಾತನ್ನು ನಾವು ಎಂದೆಂದಿಗೂ ಕೇಳುವುದಿಲ್ಲ.

ಆ ಮಾತು ಎಂಥದು? ಯೆರೂಸಲೇಮಿನಲ್ಲಿ ಬಂಡೆಯನ್ನು ಕೊರೆದು ನೀರು ತಂದ ಒಂದು ಸುರಂಗವಿದೆ. ಉದ್ದ ಸುಮಾರು ೫೩೩ ಮೀಟರ್. ನೀರು ತಂದ ಕೀರ್ತಿಯನ್ನು ಬೈಬಲ್ ಹಿಜ್ಕೀಯ ಅರಸನಿಗೆ ಕೊಡುತ್ತದೆ. ಆ ಸುರಂಗದೊಳಗಿನ ಶಾಸನವನ್ನು ೧೮೮೦ರಲ್ಲಿ ಮೊದಲು ಕಂಡವನು ಶಾಲೆಯ ಒಬ್ಬ ಹುಡುಗ. ಶಾಸನದಲ್ಲಿ ಅರಸನ ಹೆಸರೇ ಇಲ್ಲ. ಎರಡು ತುದಿಗಳಿಂದ ಕೊರೆಯುತ್ತ ಬಂದ ಕೆಲಸಗಾರರು ನಡುವೆ ಮೂರು ಮೊಳ ಬಂಡೆ ಉಳಿದಿರುವಾಗ ಒಬ್ಬರು ಇನ್ನೊಬ್ಬರ ಕೂಗನ್ನು ಕೇಳಿದುದೂ, ಗುದ್ದಲಿಗೆ ಗುದ್ದಲಿ ಸಂಧಿಸಿ ನೀರು ಹರಿದುದೂ ಅಲ್ಲಿ ಬರೆದಿದೆ. ಗ್ರಂಥ ಅರಸನನ್ನು ನೆನೆಯಿತು. ನೆಲ ಕಲ್ಲುಕುಟಿಗರನ್ನು ನೆನೆಯಿತು. ಹಿರೇಬೆಣಕಲ್ಲಿನಲ್ಲಿ ಶಾಸನವಿಲ್ಲವಾದರೂ ಬಂಡೆಯಿಂದ ಚಪ್ಪಡಿ ಎಬ್ಬಿಸಿದ ಗುರುತು, ಕಿಂಡಿಯನ್ನು ದುಂಡಗೆ ಮಾಡಿದ ಕೈಯ ಗುರುತು ಉಳಿದಿವೆ. ಬರೆದಿಡದೆ ಹೋದ ಜನರ ಲಿಖಿತ ಅದೇ.

ಅದನ್ನು ಅಳಿಸುವುದು ಬಲು ಸುಲಭ. ಯೊರ್ದನ್ ಕಣಿವೆಯ ದಾಮಿಯಾ ಎಂಬಲ್ಲಿ ಶಿಲಾಸಮಾಧಿಗಳ ಬಯಲನ್ನು ಕಲ್ಲುಗಣಿಗಳು ಕೊರೆದು ತಿಂದಿವೆ. ಕುಷ್ಟಗಿ ಕಡೆಯ ಗ್ರಾನೈಟ್ ಗಣಿಗಳನ್ನು ಬಲ್ಲ ನಮಗೆ ಇದರ ಅರ್ಥ ಬೇಗ ಆಗುತ್ತದೆ. ಗೋರಿಯೊಳಗೆ ಹೊನ್ನಿದೆಯೆಂದು ಚಪ್ಪಡಿ ಮಗುಚುವವರು ನಮ್ಮಲ್ಲಿಯೂ ಇದ್ದಾರೆ. ಅಲ್ಲಿ ಅವರಿಗೆ ಸಿಗುವುದು ಒಡಕು ಮಡಕೆ, ಬೂದಿ, ಮೂಳೆಯ ಚೂರು. ಕಳೆದುಹೋಗುವುದು ಒಂದು ಪುಟ ಚರಿತ್ರೆ.

ಶಾಲಾಕಾಲೇಜುಗಳ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಅರಿಕೆಯಿದೆ. ರಾಬಿನ್ಸನ್ ಮಾಡಿದ ಕೆಲಸಕ್ಕೆ ಹಣವೂ ಬೇಡ, ಇಲಾಖೆಯ ಅಪ್ಪಣೆಯೂ ಬೇಡ. ನಾಲ್ಕೂ ಸೀಮೆಗಳ ವಿದ್ಯಾರ್ಥಿಗಳು ತಮ್ಮತಮ್ಮ ಊರಿನ ಗುಡ್ಡ, ಹಳ್ಳ, ಹೊಲ, ಬಂಡೆಗಳ ಹೆಸರುಗಳನ್ನೂ ಅವುಗಳ ಕಥೆಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆದಿಡಲಿ. ಕಲ್ಲನ್ನು ಕಲ್ಲಿದ್ದಲ್ಲಿಯೇ ಬಿಡಲಿ. ಮೋರೇರ ಕಥೆಯನ್ನೂ ಮೋರೇರ ಮನೆಯನ್ನೂ ಎರಡನ್ನೂ ಉಳಿಸಿಕೊಂಡ ನಾಡಿಗೆ ಮಾತ್ರ ಮುಂದೆಂದಾದರೂ ಅವುಗಳ ನಿಜವಾದ ಸಂಬಂಧವನ್ನು ಅರಿಯುವ ಭಾಗ್ಯ ದೊರಕೀತು.