ಹಳೆಯ ವಸ್ತುಗಳ ಸದ್ವಿನಿಯೋಗ

ಮನೆಗೆ ಬಂದ ವಸ್ತುವೆಲ್ಲ ಒಂದಲ್ಲ ಒಂದು ದಿನ ಹಳೆಯದಾಗುವುದು ಸಹಜ. ಆದರೆ ಹಳೆಯದಾದುದೆಲ್ಲ ನಿರುಪಯುಕ್ತವಲ್ಲ. ಒಂದು ಮನೆಗೆ ಬೇಡವಾದುದು ಇನ್ನೊಂದು ಮನೆಯ ಕೊರತೆಯನ್ನು ನೀಗಬಲ್ಲದು. ಈ ಸರಳ ಸತ್ಯವನ್ನು ಮರೆತುದರಿಂದಲೇ ಉಡಲು ಬರುವ ಬಟ್ಟೆ, ಓದಲು ಬರುವ ಪುಸ್ತಕಗಳು ಇಂದು ತಿಪ್ಪೆಯ ಪಾಲಾಗುತ್ತಿವೆ.

ಬಟ್ಟೆಯೊಂದನ್ನೇ ತೆಗೆದುಕೊಳ್ಳೋಣ. ಹತ್ತಿಯ ಬಿತ್ತನೆಯಿಂದ ಬಣ್ಣಗಾರಿಕೆಯವರೆಗೆ, ಮಳೆಯ ನೀರೂ ಸೇರಿ, ಒಂದು ಕಿಲೋ ಹತ್ತಿಬಟ್ಟೆಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ತಗಲುವುದೆಂದು ಅಂದಾಜು. ಬಟ್ಟೆಯನ್ನು ಅಕಾಲದಲ್ಲಿ ಎಸೆದರೆ ಅಷ್ಟು ನೀರನ್ನೂ, ರೈತ-ನೇಕಾರರ ದುಡಿಮೆಯನ್ನೂ ಎಸೆದಂತೆಯೇ ಸರಿ. ಪಾಲಿಯೆಸ್ಟರ್ ಬಟ್ಟೆಯಂತೂ ಮಣ್ಣಿನಲ್ಲಿ ಬೇಗನೆ ಕರಗುವುದೂ ಇಲ್ಲ.

ನಮ್ಮ ಹಿರಿಯರಿಗೆ ಈ ಮಿತವ್ಯಯ ಯಾರೂ ಬೋಧಿಸಬೇಕಾದ ಪಾಠವಾಗಿರಲಿಲ್ಲ. ಉತ್ತರ ಕರ್ನಾಟಕದ ಕೌದಿಯೇ ಇದಕ್ಕೆ ಸಾಕ್ಷಿ. ಸವೆದ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ತುಂಡುಗಳನ್ನು ಜೋಡಿಸಿ, ಕೈಹೊಲಿಗೆಯಿಂದ ಬಿಗಿದರೆ ಚಳಿಗಾಲಕ್ಕೆ ಬೆಚ್ಚನೆಯ ಹೊದಿಕೆ ಸಿದ್ಧ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇದೇ ಬಗೆಯ ‘ಕವಂದಿ’ಯನ್ನು ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿನೆಡೆಗೆ ಹೊಲಿಗೆ ಸಾಗುತ್ತದೆ; ಕೊನೆಗೆ ಮೂಲೆಗಳಿಗೆ ‘ಫುಲಾ’ ಎಂಬ ಮುಮ್ಮೂಲೆಯ ತುಂಡುಗಳನ್ನು ಕೂಡಿಸುತ್ತಾರೆ. ಅವಿಲ್ಲದಿದ್ದರೆ ಕವಂದಿ ಬೆತ್ತಲೆಯೆಂಬುದು ಅವರ ಭಾವನೆ. ಚಿಂದಿಯಿಂದ ಮಾಡಿದ್ದಾದರೂ ಅದು ಅಂದಗೆಡಬಾರದೆಂಬ ಈ ಕಾಳಜಿ ಮನನೀಯವಾದುದು.

ಮನೆಯಲ್ಲಿ ಬಳಸಿ ಉಳಿದುದನ್ನು ದಾನ ಮಾಡುವಾಗಲೂ ಇದೇ ಕಾಳಜಿ ಬೇಕು. 2004ರ ಡಿಸೆಂಬರಿನ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಗೆ ಹಳೆಯ ಬಟ್ಟೆಗಳು ರಾಶಿರಾಶಿಯಾಗಿ ಹರಿದುಬಂದವು. ಅಲ್ಲಿನವರು ಉಡಲಾರದಂತಹವು ರಸ್ತೆಯ ಬದಿಯಲ್ಲಿ ಬಿದ್ದು ಹಾಳಾದವು. ಕೊಟ್ಟವರ ಮನಸ್ಸು ಒಳ್ಳೆಯದಿದ್ದರೂ ಪಡೆಯುವವರ ಅಗತ್ಯವನ್ನು ವಿಚಾರಿಸದ ದಾನ ಭಾರವಾಗಿ ಪರಿಣಮಿಸಿತು. ದಾನವೆಂದರೆ ಮನೆಯ ಕಸವನ್ನು ಬಡವರ ಅಂಗಳಕ್ಕೆ ಸಾಗಿಸುವುದಲ್ಲ.

ಈ ದೋಷವನ್ನು ನಿವಾರಿಸಲು ಯತ್ನಿಸಿದ ಸಂಸ್ಥೆಗಳಲ್ಲಿ, 1999ರಲ್ಲಿ ಅಂಶು ಗುಪ್ತಾ ಅವರು ದೆಹಲಿಯಲ್ಲಿ ಸ್ಥಾಪಿಸಿದ ‘ಗೂಂಜ್’ ಪ್ರಮುಖವಾದುದು. ನಗರಗಳಿಂದ ಬಂದ ವಸ್ತುಗಳನ್ನು ಅಲ್ಲಿ ವಿಂಗಡಿಸಿ, ದುರಸ್ತಿಗೊಳಿಸಿ, ಊರಿನ ಅಗತ್ಯಕ್ಕೆ ತಕ್ಕಂತೆ ಕಳುಹಿಸುತ್ತಾರೆ. ಗ್ರಾಮಸ್ಥರು ಬಾವಿ ತೋಡಿ, ಕೆರೆ ಹೂಳೆತ್ತಿ, ದಾರಿ ಸರಿಪಡಿಸಿ, ಆ ಶ್ರಮದ ಗೌರವವಾಗಿ ಅವನ್ನು ಸ್ವೀಕರಿಸುತ್ತಾರೆ, ಯಾರೂ ಕೈಯೊಡ್ಡಬೇಕಾಗಿಲ್ಲ. ಉಡಲು ಬಾರದ ಹತ್ತಿಬಟ್ಟೆಯೂ ಶುದ್ಧಗೊಂಡು ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಬಳಕೆಗೆ ಒದಗುತ್ತದೆ. ಈ ಸೇವೆಗಾಗಿ ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವೂ ಅಭಿಯಾನವೊಂದನ್ನು ಆರಂಭಿಸಿತು. ನಾಗರಿಕರು ಹಳೆಯ ಬಟ್ಟೆ, ಪಾದರಕ್ಷೆ, ಪುಸ್ತಕ, ಆಟಿಕೆಗಳನ್ನು ಒಪ್ಪಿಸಲು ನಗರಗಳಲ್ಲಿ ಕೇಂದ್ರಗಳನ್ನು ತೆರೆಯಲಾಯಿತು.

ವಿದ್ಯಾರ್ಥಿಗಳು ಇದರಲ್ಲಿ ಬಹಳಷ್ಟನ್ನು ಸಾಧಿಸಬಲ್ಲರು. ವರ್ಷಾಂತ್ಯದಲ್ಲಿ ಪಠ್ಯಪುಸ್ತಕಗಳನ್ನು ಹಾಳೆ ಹರಿಯದಂತೆ ಕಿರಿಯರಿಗೆ ದಾಟಿಸಬಹುದು; ಉಳಿದ ಖಾಲಿ ಹಾಳೆಗಳನ್ನು ಹೊಲಿದು ಲೆಕ್ಕದ ಪುಸ್ತಕ ಮಾಡಬಹುದು. ಬಟ್ಟೆ ಕೊಡುವ ಮುನ್ನ ಒಗೆದು, ಗುಂಡಿ ಹಚ್ಚಿ, ಮಡಿಚಿಡಬೇಕು. ಪಾತ್ರೆ ಸೋರುತ್ತಿದ್ದರೆ ಬೆಸುಗೆ ಹಾಕಿಸಿಯೇ ಕೊಡಬೇಕು. ಕೆಟ್ಟ ಮೊಬೈಲು, ಬ್ಯಾಟರಿಗಳಲ್ಲಿ ಸೀಸದಂತಹ ವಿಷಲೋಹಗಳು ಇರಬಹುದಾದುದರಿಂದ ಅವನ್ನು ಸುಡದೆ, ಕಸದಲ್ಲಿ ಬೆರೆಸದೆ, ಅಧಿಕೃತ ಸಂಗ್ರಹಕಾರರಿಗೇ ಒಪ್ಪಿಸತಕ್ಕದ್ದು.

ಕೊಡುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ಇದನ್ನು ನನ್ನ ಒಡಹುಟ್ಟಿದವರಿಗೆ ಸಂಕೋಚವಿಲ್ಲದೆ ಕೊಡಬಲ್ಲೆನೇ?’ ಹೌದೆಂಬ ಉತ್ತರ ಬಂದರೆ ಆ ವಸ್ತು ದಾನಕ್ಕೆ ಯೋಗ್ಯ. ಹಾಗಲ್ಲದಿದ್ದರೆ ಅದನ್ನು ಮೊದಲು ದುರಸ್ತಿಗೊಳಿಸುವುದೇ ಕರ್ತವ್ಯ.