ಸ್ಟಾರ್ ರೈಡರ್‌ನನ್ನು ಬಿಡಬೇಕಾ, ಉಳಿಸಿಕೊಳ್ಳಬೇಕಾ?

ನಮ್ಮ ಮಾಗಡಿ, ಕನಕಪುರ ಕಡೆ ಹುಡುಗರ ಮಧ್ಯೆ ಕಬಡ್ಡಿ ಮಾತು ಶುರುವಾದರೆ ಒಂದು ಜಗಳ ಗ್ಯಾರಂಟಿ. ಬೆಂಗಳೂರು ಬುಲ್ಸ್‌ನವರು ಪವನ್ ಸೆಹ್ರಾವತ್‌ನನ್ನು ಬಿಟ್ಟಿದ್ದು ಸರಿಯೋ ತಪ್ಪೋ?

ಬಿಡಬಾರದಿತ್ತು ಅನ್ನುವವರ ಬಳಿ ಅಂಕಗಳಿವೆ. 2019ರ ಜನವರಿ 5ರಂದು ಮುಂಬೈ ಫೈನಲ್‌ನಲ್ಲಿ ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿ ಮೊದಲ ಸಲ ಕಪ್ ಎತ್ತಿತು. ಅದರಲ್ಲಿ ಪವನ್ ಒಬ್ಬನದೇ 22. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್! ಎಂಟನೇ ಸೀಸನ್‌ನಲ್ಲೂ ಟಾಪ್ ರೈಡರ್ ಅವನೇ. ಆದರೂ ಸೆಮಿಫೈನಲ್‌ನಲ್ಲಿ ಬುಲ್ಸ್ ದಬಂಗ್ ಡೆಲ್ಲಿಗೆ 35-40ರಿಂದ ಸೋತಿತು. ಆಮೇಲೆ ಅವನನ್ನು ಉಳಿಸಿಕೊಳ್ಳಲಿಲ್ಲ.

2022ರ ಆಗಸ್ಟ್ ಹರಾಜಿನಲ್ಲಿ ತಮಿಳ್ ತಲೈವಾಸ್ ಪವನ್‌ಗೆ ಕೊಟ್ಟಿದ್ದು ₹2.26 ಕೋಟಿ. ಇಡೀ ತಂಡಕ್ಕೆ ಖರ್ಚು ಮಾಡಬಹುದಾಗಿದ್ದ ಹಣವೇ ₹4.4 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಹೋದರೆ ಕಾರ್ನರ್, ಕವರ್, ಬೆಂಚಿಗೆಲ್ಲ ಎಲ್ಲಿಂದ ತರುವುದು? ರೈಡರ್ ಔಟಾಗಿ ಹೊರಗೆ ಕೂತಾಗ ಅವನನ್ನು ಒಳಗೆ ಕರೆಸುವುದು ಡಿಫೆಂಡರ್‌ನ ಟ್ಯಾಕಲ್ ತಾನೇ?

ಮುಂದೆ ಆಗಿದ್ದು ಯಾರೂ ಊಹಿಸದ್ದು. ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಬಿದ್ದು ಸೀಸನ್ನೇ ಮುಗಿಯಿತು. ಅದೂ ನಮ್ಮ ಕಂಠೀರವದಲ್ಲಿ. ಆದರೆ ಅವನಿಲ್ಲದ ತಲೈವಾಸ್ ಆ ವರ್ಷ ಮೊದಲ ಬಾರಿ ಸೆಮಿಫೈನಲ್ ತಲುಪಿತು. ಅವನನ್ನು ಬಿಟ್ಟ ಬುಲ್ಸ್ ಕೂಡ ತಲುಪಿತು. ₹1.70 ಕೋಟಿ ಕೊಟ್ಟು ತಂದ ವಿಕಾಸ್ ಕಂಡೋಲಾಗಿಂತ ಮಿಂಚಿದ್ದು ತಂಡದಲ್ಲೇ ಬೆಳೆದ ಭರತ್. ಮರುವರ್ಷ ತೆಲುಗು ಟೈಟನ್ಸ್ ಪವನ್‌ಗೆ ₹2.605 ಕೋಟಿ ಸುರಿದು 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ ಎರಡು.

ಹಾಗಾದರೆ ಬಿಟ್ಟಿದ್ದೇ ಸರಿ ಅಂತೀರಾ? ಪ್ರದೀಪ್ ನರ್ವಾಲ್ ಕಥೆ ಕೇಳಿ. ಅವನು ಲೀಗ್‌ಗೆ ಬಂದಿದ್ದೇ ಬುಲ್ಸ್‌ನಿಂದ. ಅವನನ್ನು ಬಿಟ್ಟರು. ಪಟ್ನಾಗೆ ಹೋಗಿ ಸತತ ಮೂರು ಕಪ್ ಗೆಲ್ಲಿಸಿದ. ಹನ್ನೊಂದನೇ ಸೀಸನ್‌ಗೆ ಬುಲ್ಸ್ ₹70 ಲಕ್ಷ ಕೊಟ್ಟು ವಾಪಸ್ ತಂದಿತು. ಆಗ ಅವನ ಓಟ ಕುಗ್ಗಿತ್ತು; ಬುಲ್ಸ್ ಕೂಡ 22ರಲ್ಲಿ ಗೆದ್ದಿದ್ದು ಎರಡೇ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಹೆಸರು ಬೆಳೆಯುವ ಮುಂಚೆ ಬಿಟ್ಟು, ಹೆಸರಷ್ಟೇ ಉಳಿದಾಗ ಕರೆತರುವುದು ನನ್ನ ಪ್ರಕಾರ ಪವನ್‌ನನ್ನು ಬಿಟ್ಟಿದ್ದಕ್ಕಿಂತ ದೊಡ್ಡ ಎಡವಟ್ಟು. (ಕ್ರಿಕೆಟ್ ಅಭಿಮಾನಿಗಳು ಇಲ್ಲಿ ಕೊಹ್ಲಿಯನ್ನು ಎಳೆದು ತರುತ್ತಾರೆ. ಆರ್‌ಸಿಬಿ ಅವರನ್ನು ಬಿಡದೆ 18ನೇ ಸೀಸನ್‌ನಲ್ಲಿ ಕಪ್ ಗೆದ್ದಿತು, ನಿಜ. ಆದರೆ ಅದೇ ಸೀಸನ್‌ಗೆ ಮುಂಚೆ ಸಿರಾಜ್, ಮ್ಯಾಕ್ಸ್‌ವೆಲ್, ಡುಪ್ಲೆಸಿ ಮೂವರನ್ನೂ ಬಿಟ್ಟಿತ್ತು.)

ಈ ಲೆಕ್ಕ ನಮ್ಮೂರಿನ ತಂಡಕ್ಕೂ ಬಂದು ತಗುಲಿದೆ. ನಮ್ಮ ಮುಖ್ಯ ರೈಡರ್ ಬಿ.ಕಾಂ. ಕೊನೆ ವರ್ಷ. ಬೆಂಗಳೂರಿನ ಒಂದು ಕ್ಲಬ್ ಕರೆದಿದೆ. ಅಲ್ಲಿ ಆಡಿದರೆ ದೊಡ್ಡ ಟೂರ್ನಿಗಳ ಸರ್ಟಿಫಿಕೇಟ್ ಸಿಗುತ್ತದೆ, ಮುಂದೆ ಕ್ರೀಡಾ ಕೋಟಾದ ಕೆಲಸಕ್ಕೆ ಅರ್ಜಿ ಹಾಕುವಾಗ ಅದೇ ಆಧಾರ. 'ದಸರಾ ಕ್ರೀಡಾಕೂಟ ಮುಗಿಯಲಿ, ಈ ಸಲ ಜಿಲ್ಲೆ ದಾಟೋ ಟೀಮ್ ಇದೆ ಕಣಪ್ಪಾ' ಅಂತಾರೆ ನಮ್ಮ ಹಿರಿಯಣ್ಣಂದಿರು. ಆಸೆ ತಪ್ಪಲ್ಲ. ಆದರೆ ಬುಲ್ಸ್ ಬಿಟ್ಟರೆ ಪವನ್‌ಗೆ ಹರಾಜಿನಲ್ಲಿ ಕೋಟಿ ಸಿಗುತ್ತದೆ. ನಾವು ಹಿಡಿದಿಟ್ಟರೆ ಇವನಿಗೆ ಟ್ರೋಫಿಯ ಜೊತೆ ಒಂದು ಫೋಟೊ ಸಿಗುತ್ತದೆ. ಕ್ಲಬ್ಬಿನವರು ದಸರಾವರೆಗೆ ಕಾಯುತ್ತಾರೆ ಅಂತ ಬರೆದುಕೊಟ್ಟಿಲ್ಲ.

ನಾನಂತೂ ಹೋಗು ಅಂದಿದ್ದೇನೆ. ಮುಂದಿನ ಸೋಮವಾರ ಅವನು ಟ್ರಯಲ್ಸ್‌ಗೆ ಹೊರಡುತ್ತಾನೆ. ಪಿಯುಸಿ ಓದುವ ಇಬ್ಬರು ಹುಡುಗರು ಈಗ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದಾರೆ. ಒಬ್ಬನ ಬೋನಸ್ ಪರವಾಗಿಲ್ಲ, ಇನ್ನೊಬ್ಬನಿಗೆ ಇನ್ನೂ ಉಸಿರು ಸಾಲುತ್ತಿಲ್ಲ.